ಹಿಂದಿನ ಸೀಟಿನಲ್ಲಿ ಹೆಪ್ಪು ಹಾಕಿದ ಹಾಲು

ನಮ್ಮ ಯಜಮಾನರು ಕಾರು ತಂದ ದಿನ ಆರತಿ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದ ಅತ್ತೆ, ಕಾರನ್ನು ಒಮ್ಮೆ ನೋಡಿ, "ಯಾಕ್ಲಾ ಮಗ, ಚಕ್ರದಲ್ಲಿ ಗಾಳಿ ಇಲ್ವಾ?" ಎಂದು ಕೇಳಿದರು. ಗಾಳಿ ಇತ್ತು. ಇಲ್ಲದಿದ್ದುದು ಎತ್ತರ. ಬೆಂಗಳೂರಿನ ಯಾವುದೋ ಸಿರಿವಂತರ ಮನೆಯ ಮಗ ರೇಸಿನ ಹುಚ್ಚು ಹಿಡಿಸಿಕೊಂಡು, ಮುಂದಿನ ಸ್ಪ್ರಿಂಗುಗಳನ್ನು ಕತ್ತರಿಸಿ, ಹಿಂದೆ ಭಾರ ಹೊರುವ ಕಮಾನಿನ ಉಕ್ಕಿನ ಪಟ್ಟಿಗಳಲ್ಲಿ ಒಂದೆರಡನ್ನು ಕಿತ್ತು ಬಿಸಾಡಿ, ಕಾರನ್ನು ನೆಲಕ್ಕೆ ಕೂರಿಸಿದ್ದ. ಅವನ ಹುಚ್ಚು ಬಿಟ್ಟಿತು, ಕಾರು ಮಾರಾಟಕ್ಕೆ ಬಂತು. ಅದನ್ನು ಕೊಳ್ಳುವುದಕ್ಕೆ ಇಡೀ ಮೈಸೂರು ಸೀಮೆಯಲ್ಲಿ ಸಿಕ್ಕವರು ಒಬ್ಬರೇ. ಅವರು ಆಗಲೇ ನನ್ನನ್ನು ಮದುವೆಯಾಗಿದ್ದರು.

ಎಂಬತ್ತರ ದಶಕದ ಮೊದಮೊದಲು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನಮ್ಮ ಬಾಡಿಗೆ ಮನೆ. ಯಜಮಾನರು ಒಬ್ಬ ರಸ್ತೆ ಕಂಟ್ರಾಕ್ಟರನ ಬಳಿ ಸೂಪರ್‌ವೈಸರ್ ಆಗಿದ್ದರು. ಕುಣಿಗಲ್ ಕಡೆಯ ರಸ್ತೆಗಳಿಗೆ ಜಲ್ಲಿ ಹಾಕಿಸುವುದು, ಡಾಂಬರು ಹುಯ್ಯಿಸುವುದು ಅವರ ಕೆಲಸ. ಜಿಲ್ಲೆಯಲ್ಲಿ ಯಾವ ಹೊಂಡ ಎಲ್ಲಿದೆ, ಎಷ್ಟು ಆಳವಿದೆ ಎಂಬುದು ಅವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಿಲ್ಲ. ಅಷ್ಟು ತಿಳಿದೂ ಅವರು ನೆಲದಿಂದ ನಾಲ್ಕು ಬೆರಳು ಮೇಲಿರುವ ಕಾರು ತಂದರು. ರಸ್ತೆಯ ಮೇಲೆ ಅವರಿಗಿದ್ದ ನಂಬಿಕೆಗೆ ಕೈ ಮುಗಿಯಬೇಕು.

ದಿನಾ ಬೆಳಿಗ್ಗೆ ನನ್ನನ್ನು ಗುಬ್ಬಿಯಲ್ಲಿ ಇಳಿಸಿ, ಅಲ್ಲಿಂದ ಹಳ್ಳಿಗಳ ಒಳದಾರಿ ಹಿಡಿದು ತಾವು ಕುಣಿಗಲ್‌ಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಬಂದು ನನ್ನನ್ನು ಹತ್ತಿಸಿಕೊಳ್ಳುವುದು ಎಂದು ಅವರು ಲೆಕ್ಕ ಹಾಕಿದ್ದರು. ಗುಬ್ಬಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಲೆಕ್ಕದ ಮೇಡಂ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆದರೂ ಆ ಕೆಲಸ ನನಗೆ ಬೇಕಾಗಿತ್ತು, ಉಸಿರಿನಷ್ಟೇ ಬೇಕಾಗಿತ್ತು. ಅಲ್ಲಿ ನಾನು ತರಗತಿಯ ಬಾಗಿಲು ದಾಟಿದರೆ ಅಷ್ಟೂ ಹುಡುಗಿಯರು ಮಾತು ನಿಲ್ಲಿಸುತ್ತಿದ್ದರು. ಮನೆಯಲ್ಲಿ ನಾನು ಬಾಯಿ ತೆರೆದರೆ ಬೆಕ್ಕು ಕೂಡ ತಿರುಗಿ ನೋಡುತ್ತಿರಲಿಲ್ಲ.

ಕಾರು ಬರುವುದಕ್ಕೆ ಮೊದಲು ನಾನು ಗುಬ್ಬಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಬೆಳಗಿನ ಪ್ಯಾಸೆಂಜರ್, ಕಿಟಕಿ ಪಕ್ಕದ ಮರದ ಸೀಟು, ಸಂಜೆ ಮತ್ತೆ ಪ್ಯಾಸೆಂಜರ್. ಹಾಗೆ ಓಡಾಡುತ್ತಿದ್ದ ದಿನಗಳಲ್ಲೇ ನನ್ನ ಮೊದಲ ಬಸಿರು ಮೂರು ತಿಂಗಳಿಗೆ ಇಳಿದುಹೋಯಿತು. ಲೇಡಿ ಡಾಕ್ಟರು, "ಇದಕ್ಕೆ ಇಂಥದ್ದೇ ಕಾರಣ ಅಂತ ಇರಲ್ಲಮ್ಮ, ಆಗುತ್ತೆ" ಎಂದರು. ಕಾರಣವಿಲ್ಲದ ಸಂಗತಿ ನಮ್ಮ ಮನೆಯಲ್ಲಿ ನಡೆಯುವಂತಿರಲಿಲ್ಲ. ಮಾವನವರು ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಜೀವಮಾನವೆಲ್ಲ ಬೇರೆಯವರ ಸಾಕ್ಷಿಗಳನ್ನು ಜೋಡಿಸಿಟ್ಟು ಅಭ್ಯಾಸವಾಗಿ, ಅಪರಾಧಿ ಯಾರೆಂದು ಗೊತ್ತಾಗುವ ತನಕ ಅವರಿಗೆ ಊಟ ಸೇರುತ್ತಿರಲಿಲ್ಲ. ವಿಚಾರಣೆ ನಡೆಯಿತು. ರೈಲಿಗೆ ಶಿಕ್ಷೆಯಾಯಿತು. ಶಿಕ್ಷೆ ಅನುಭವಿಸಿದವಳು ನಾನು.

ಆಮೇಲೆ ಬಂದದ್ದೇ ಈ ಕಾರು. ರೈಲಿನ ಕುಲುಕಾಟದಿಂದ ನನ್ನನ್ನು ಪಾರು ಮಾಡುವುದಕ್ಕೆ ಬಂದ ಕಾರಿನಲ್ಲಿ ನಾನು ಉಪ್ಪಾರಹಳ್ಳಿ ಗೇಟು ದಾಟುವಷ್ಟರಲ್ಲಿ ಬೆನ್ನುಮೂಳೆಯ ಎಣಿಕೆ ತಪ್ಪುತ್ತಿತ್ತು. ಗೇಟಿನ ರೈಲು ಹಳಿಗಳು ನಮ್ಮ ಕಾರಿನ ಹೊಟ್ಟೆಯನ್ನು ಕೆರೆದು, 'ಕರ್' ಎಂದು ದೊಡ್ಡ ಸದ್ದಾಗುತ್ತಿತ್ತು. ಗೇಟ್‌ಮನ್ ದಿನಾ ಎದ್ದು ಬಂದು ಹಳಿಗೆ ಏನಾದರೂ ಆಯಿತೇ ಎಂದು ನೋಡಿ ಹೋಗುತ್ತಿದ್ದ. ಇನ್ನೂ ಒಂದು ಸೊಗಸು ಎಂದರೆ, ನಾವು ಹೊರಡುವ ಹೊತ್ತಿಗೆ ಸರಿಯಾಗಿ ಗೇಟು ಹಾಕುತ್ತಿದ್ದರು. ಗುಬ್ಬಿಗೆ ಹೋಗುವ ಪ್ಯಾಸೆಂಜರ್ ನಮ್ಮ ಕಣ್ಣೆದುರೇ ಹಾದು ಹೋಗುವ ತನಕ ಕಾಯ್ದು, ಆಮೇಲೆ ನಾವು ಕಾರಿನಲ್ಲಿ ಗುಬ್ಬಿಗೆ ಹೊರಡುತ್ತಿದ್ದೆವು.

ಮರುವರ್ಷ ನಾನು ಮತ್ತೆ ಬಸುರಿಯಾದೆ. ಲೇಡಿ ಡಾಕ್ಟರು ಮೊದಲ ಕೆಲವು ವಾರ ವಿಶ್ರಾಂತಿ ಎಂದರು, ಆಮೇಲೆ ಓಡಾಡಬಹುದು, ಜೋರು ಕುಲುಕಾಟ ಬೇಡ ಎಂದರು. ಸ್ಕೂಲಿಗೆ ರಜೆ ಹಾಕಿದೆ. ವಿಶ್ರಾಂತಿಯ ವಾರಗಳು ಮುಗಿದ ದಿನ ಊಟಕ್ಕೆ ಕೂತಾಗ ಮಾವನವರು ವಿಷಯ ತೆಗೆದರು. ಅವರು ತಟ್ಟೆಯಲ್ಲಿ ಮೊಸರನ್ನ ಕಲಸುತ್ತಿದ್ದರು. ಅದನ್ನೇ ನೋಡುತ್ತಾ ಅತ್ತೆಯನ್ನು ಕೇಳಿದರು: "ಲೇ, ಹಾಲಿಗೆ ಹೆಪ್ಪು ಹಾಕಿ ಅಲುಗಾಡಿಸ್ತಾ ಇದ್ರೆ ಮೊಸರಾಗುತ್ತಾ?"

"ಎಲ್ಲಿ ಆಗುತ್ತೆ. ನೀರು ನೀರಾಗಿ ಒಡ್ಕೊಳ್ಳುತ್ತೆ" ಎಂದರು ಅತ್ತೆ.

"ಹೊಟ್ಟೇಲಿರೋದೂ ಹಂಗೇ ಅಲ್ವಾ. ಸರಿ, ಹಿಂಗ್ ಮಾಡಾಣ. ಹೆಪ್ಪು ಹಾಕಿದ ಹಾಲು ಹಿಂದಿನ ಸೀಟಲ್ಲಿ ಕೂತು ಗುಬ್ಬಿ, ಕುಣಿಗಲ್ ಎಲ್ಲ ಸುತ್ಕೊಂಡು ಸಾಯಂಕಾಲ ಮನೆಗೆ ಬರ್ಲಿ. ನಾನೇ ಮುಚ್ಚಳ ತೆಗೆದು ನೋಡ್ತೀನಿ. ಗಟ್ಟಿ ಮೊಸರಾಗಿದ್ರೆ ನೀನೂ ಕೆಲಸಕ್ಕೆ ಹೋಗಮ್ಮ, ನನ್ ಅಭ್ಯಂತರ ಇಲ್ಲ. ಆಗ್ಲಿಲ್ಲ ಅಂದ್ರೆ ರಾಜೀನಾಮೆ ಬರ್ಕೊಡು, ನಾನೇ ಹೋಗಿ ಕೊಟ್ಟು ಬರ್ತೀನಿ."

ನನ್ನ ಕೆಲಸದ ಹಣೆಬರಹ ಒಂದು ಪಾತ್ರೆ ಹಾಲಿನ ಮೇಲೆ ನಿಂತದ್ದು ಹೀಗೆ. ನಾನು ನಗಬೇಕೋ ತಟ್ಟೆ ಎತ್ತಿ ಬಿಸಾಡಬೇಕೋ ತಿಳಿಯದೆ ಅವರಿಗೆ ಇನ್ನಷ್ಟು ಮೊಸರು ಬಡಿಸಿದೆ. ಯಜಮಾನರಿಗೆ ಮಾತ್ರ ಅಪ್ಪನ ಮಾತು ಬಹಳ ಹಿಡಿಸಿತು. ಕಾರಿಗೆ ಕೈ ಹಾಕುವುದಕ್ಕೆ ಅವರಿಗೆ ಒಂದು ನೆಪ ಬೇಕಾಗಿತ್ತು. ಹೆಂಡತಿ ಬಸುರಿ ಎನ್ನುವುದಕ್ಕಿಂತ ಒಳ್ಳೆಯ ನೆಪ ಎಲ್ಲಿ ಸಿಕ್ಕೀತು.

ಮೊದಲೇ ಹೇಳಿಬಿಡುತ್ತೇನೆ, ಇದಕ್ಕೆ ಒಂದು ಸುಲಭದ ಉಪಾಯ ಇತ್ತು. ಮುಂದೆ ಹೊಸ ಸ್ಪ್ರಿಂಗು ಹಾಕಿಸಿ, ಹಿಂದೆ ಕಿತ್ತ ಪಟ್ಟಿಗಳನ್ನು ಸೇರಿಸಿದರೆ ಕಾರು ಹುಟ್ಟಿದಾಗ ಹೇಗಿತ್ತೋ ಹಾಗಾಗುತ್ತಿತ್ತು. ಅದನ್ನು ಹೇಳಿದೆ ಕೂಡ.

"ಎತ್ತರ ಮಾಡಿದ್ರೆ ಎಲ್ಲರ ಕಾರಿನ ಥರಾನೇ ಆಗೋಗುತ್ತೆ ಕಣೇ" ಎಂದರು ಯಜಮಾನರು.

"ಎಲ್ಲರ ಕಾರಲ್ಲೂ ಬಸುರಿಯರು ಆರಾಮಾಗಿ ಓಡಾಡ್ತಾರೆ ರೀ."

"ನಿನಗೆ ಗೊತ್ತಾಗಲ್ಲ. ಕೆಳಗಿದ್ರೆ ರೋಡನ್ನ ಹಿಡ್ಕೊಳ್ಳುತ್ತೆ."

ಹಿಡಿದುಕೊಳ್ಳುತ್ತಿತ್ತು, ಸುಳ್ಳಲ್ಲ. ಒಂದೊಂದು ಉಬ್ಬಿನ ಮೇಲೂ ಹಾಗೆ ಹಿಡಿದುಕೊಂಡು, ನಾಲ್ಕು ಜನ ಇಳಿದು ತಳ್ಳುವ ತನಕ ಬಿಡುತ್ತಿರಲಿಲ್ಲ. ಹೀಗೆ ಕಾರು ಕೆಳಗೂ ಇರಬೇಕು, ಮೆತ್ತಗೂ ಇರಬೇಕು ಎಂಬ ಹಟದ ಮೇಲೆ ಮುಂದಿನ ಅಷ್ಟೂ ಸಂಶೋಧನೆ ನಡೆಯಿತು.

ಸಂಶೋಧನೆಯ ಕೇಂದ್ರ ಊರಂಚಿನ ಸತ್ಯಮಂಗಲದ ಕಡೆ ಒಂದು ತಗಡಿನ ವರ್ಕ್‌ಶಾಪು. ಅದರ ಮೇಸ್ತ್ರಿಗೆ ಬಾರದ ಕೆಲಸವೇ ಇರಲಿಲ್ಲ, ಅಂದರೆ ಬರುವುದಿಲ್ಲ ಎಂದು ಅವನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಸಂಜೆಯಾದರೆ ಅವನು ನಮ್ಮ ಮನೆಯ ಜಗಲಿಗೆ ಬರುತ್ತಿದ್ದ. ಯಜಮಾನರು, ಮಾವನವರು, ಮೇಸ್ತ್ರಿ ಮೂವರೂ ಕೂತು ನನ್ನ ಹೊಟ್ಟೆಗೆ ಯಾವ ಸ್ಪ್ರಿಂಗು ಸರಿಹೋಗುತ್ತದೆ ಎಂದು ಚರ್ಚೆ ಮಾಡುತ್ತಿದ್ದರು. ಆ ಹೊಟ್ಟೆಯೇ ಅಡಿಗೆಮನೆಯಿಂದ ಕಾಫಿ ತಂದು ಕೊಟ್ಟು ಹೋಗುತ್ತಿತ್ತು. ಅದರ ಅಭಿಪ್ರಾಯ ಯಾರೂ ಕೇಳಲಿಲ್ಲ.

"ಜೀಪಿನ ಪಟ್ಟಿ ಒಂದು ಹಿಂದಕ್ಕೆ ಸೇರಿಸ್ಬುಟ್ರೆ ಕಥೆನೇ ಬೇರೆ ಸಾರ್" ಎಂದು ಮೇಸ್ತ್ರಿ ಮೊದಲು ಹೇಳಿದ. ಜೀಪಿನ ಪಟ್ಟಿ ದಪ್ಪ. ದಪ್ಪವಾದದ್ದು ಭದ್ರ, ಭದ್ರವಾದದ್ದು ಸುಖ ಎಂಬುದು ಅವರ ತರ್ಕ. ಗುಜರಿಯಿಂದ ಪಟ್ಟಿ ಬಂತು, ಕಾರಿನ ಎತ್ತರ ಹೆಚ್ಚದಂತೆ ಅದನ್ನು ಬಡಿದು ಚಪ್ಪಟೆ ಮಾಡಿ ಸೇರಿಸಿದರು. ಅತ್ತೆ ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿ, ಸ್ಟೀಲಿನ ಪಾತ್ರೆಗೆ ಮುಚ್ಚಳ ಬಿಗಿದು, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಕೊಟ್ಟರು. ಪಾತ್ರೆ ಹಿಂದಿನ ಸೀಟಿನಲ್ಲಿ, ನಾನು ಕೂರುತ್ತಿದ್ದ ಜಾಗದಲ್ಲಿ ಕೂತು ಗುಬ್ಬಿಗೆ ಹೋಯಿತು. ನಾನು ಕಾಂಪೌಂಡಿನಲ್ಲಿ ನಿಂತು ಅದಕ್ಕೆ ಟಾಟಾ ಮಾಡಿದೆ.

ಸಂಜೆ ಪಾತ್ರೆಯಲ್ಲಿದ್ದುದು ಅರ್ಧ. ಉಳಿದರ್ಧ ಸೀಟು ಕುಡಿದಿತ್ತು. ಮಾವನವರು ಚಮಚ ಅದ್ದಿ ಎತ್ತಿದರು, ಬಿಳಿ ನೀರು ತೊಟ್ಟಿಕ್ಕಿತು. "ಆಗಿಲ್ಲ" ಎಂದು ತೀರ್ಪು ಕೊಟ್ಟರು. ಅತ್ತೆ ಅದನ್ನು ಒಳಗೆ ಒಯ್ದು ಬೂದುಗುಂಬಳಕಾಯಿ ಹಾಕಿ ಮಜ್ಜಿಗೆಹುಳಿ ಮಾಡಿದರು.

ಆಮೇಲೆ ಲಾರಿ ಟೈರಿನ ರಬ್ಬರು ಬಂತು. ಕಾರು ಕುಕ್ಕುವ ಜಾಗಗಳಿಗೆಲ್ಲ ರಬ್ಬರಿನ ತುಂಡು ಕೂರಿಸಿದರೆ ಏಟು ತಾಗುವುದಿಲ್ಲ ಎಂದ ಮೇಸ್ತ್ರಿ. ಏಟು ತಾಗಲಿಲ್ಲ, ಕಾರು ಪುಟಿಯಿತು. ಯಜಮಾನರು ಸಂಜೆ ತಲೆಯಲ್ಲಿ ಒಂದು ಬುಗುಟು ಇಟ್ಟುಕೊಂಡು ಬಂದರು. ಮತ್ತೆ ಮಜ್ಜಿಗೆಹುಳಿ, ಈ ಸಲ ಸೌತೆಕಾಯಿ.

ಮೂರನೆಯದು ಶಾಕಬ್ಸರ್. ಕಾರು ಕುಣಿಯದಂತೆ ಹಿಡಿದು ನಿಲ್ಲಿಸುವ, ಒಳಗೆ ಎಣ್ಣೆ ತುಂಬಿದ ಕೊಳವೆಗಳವು. ನಮ್ಮವು ಎಣ್ಣೆ ಸೋರಿ ಒಣಗಿದ್ದವು. ಹೊಸದು ಹಾಕಿಸಿ ಎಂದರೆ ಯಜಮಾನರಿಗೆ ಅವಮಾನ. ಮೇಸ್ತ್ರಿ ಅವನ್ನು ಕೊಯ್ದು, ಬೇರೆ ಎಣ್ಣೆ ತುಂಬಿ, ಮತ್ತೆ ವೆಲ್ಡಿಂಗ್ ಮಾಡುತ್ತೇನೆ ಎಂದ. "ಗಟ್ಟಿ ಎಣ್ಣೆ ಇದ್ರೆ ಮೆತ್ತಗೆ ಹೋಯ್ತದೆ ಸಾರ್. ಹರಳೆಣ್ಣೆಗಿಂತ ಗಟ್ಟಿ ಯಾವ್ದೈತೆ?" ಕುಣಿಗಲ್ ಬಳಿಯ ತಮ್ಮ ತವರಿನಿಂದ ಅತ್ತೆ ವರ್ಷಕ್ಕೊಮ್ಮೆ ತರಿಸುತ್ತಿದ್ದ, ಮೊಮ್ಮಗುವಿಗೆ ಎಣ್ಣೆನೀರು ಹಾಕಲೆಂದು ಎತ್ತಿಟ್ಟಿದ್ದ ಹರಳೆಣ್ಣೆಯ ಸೀಸೆ ಹೊರಗೆ ಬಂತು. ಹುಟ್ಟುವ ಮಗುವಿನ ಅಭ್ಯಂಜನ ಕಾರಿಗೆ ಆಯಿತು.

ಹರಳೆಣ್ಣೆಯ ಗುಣ ಎಲ್ಲರಿಗೂ ಗೊತ್ತು, ಚಳಿಗೆ ಬಿಗಿಯುತ್ತದೆ. ಅದು ಮಾಗಿಯ ಚಳಿ. ಬೆಳಿಗ್ಗೆ ಹೊರಡುವಾಗ ಕಾರು ಬಂಡೆ, ಬಿಸಿಲೇರಿದ ಮೇಲೆ ತೊಟ್ಟಿಲು. ಮೊಸರೂ ಅದಕ್ಕೆ ತಕ್ಕಂತೆ ಮೇಲೆ ನೀರು, ತಳದಲ್ಲಿ ಒಂದಿಷ್ಟು ಗಡ್ಡೆ. ಯಜಮಾನರು ಗಡ್ಡೆಯನ್ನು ತೋರಿಸಿ ವಾದಿಸಿದರು. "ಭಾಗಶಃ ಸಾಕ್ಷಿ ಸಾಕ್ಷಿಯಲ್ಲ" ಎಂದರು ಮಾವನವರು.

ಕೊನೆಗೆ ಮೇಸ್ತ್ರಿ ಡಿಕ್ಕಿಯಲ್ಲಿ ಮರಳಿನ ಮೂಟೆಗಳನ್ನು ಇಡಲು ಹೇಳಿದ. ಭಾರ ಬಿದ್ದರೆ ಜೀಪಿನ ಪಟ್ಟಿ ಬಗ್ಗುತ್ತದೆ, ಬಗ್ಗಿದರೆ ಮೆತ್ತಗಾಗುತ್ತದೆ. ಇದು ನಿಜವೇ ಆಗಿತ್ತು. ಅದರ ಜೊತೆಗೆ, ಮೊದಲೇ ನೆಲ ನೆಕ್ಕುತ್ತಿದ್ದ ಕಾರು ಇನ್ನಷ್ಟು ಕುಗ್ಗಿ, ಸೈಲೆನ್ಸರ್ ಕೊಳವೆ ರಸ್ತೆಯನ್ನು ಮೂಸಿಕೊಂಡು ಹೋಗುವಂತಾಯಿತು. ರಸ್ತೆಯನ್ನು ಇನ್ನೂ ಚೆನ್ನಾಗಿ ಹಿಡಿದುಕೊಳ್ಳುತ್ತದೆ ಎಂದು ಯಜಮಾನರು ಹಿಗ್ಗಿದರು.

ಅಷ್ಟರಲ್ಲಿ ಸ್ಕೂಲಿನಿಂದ ಹೆಡ್‌ಮಿಸ್ಟ್ರೆಸ್ ಹೇಳಿ ಕಳುಹಿಸಿದರು. ಸೋಮವಾರ ಬಂದು ಹಾಜರಿ ಹಾಕದಿದ್ದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ, ಪರೀಕ್ಷೆ ಹತ್ತಿರ ಬಂತು, ತಪ್ಪು ತಿಳಿಯಬೇಡಿ ಎಂದು. ತಪ್ಪು ತಿಳಿಯಲು ಏನಿದೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮಾವನವರು ಸಂದೇಶ ಕೇಳಿ, "ಹಂಗಾದ್ರೆ ಸೋಮವಾರದ ಪರೀಕ್ಷೆನೇ ಕೊನೇದು. ಹೆಂಗೂ ಹಾಜರಿ ಹಾಕ್ಬೇಕು, ಅವತ್ತೊಂದಿನ ನಿಧಾನಕ್ಕೆ ಹೋಗಿ ಬರ್ಲಿ. ಮೊಸರು ಆಗ್ಲಿಲ್ಲ ಅಂದ್ರೆ ಮಂಗಳವಾರ ರಾಜೀನಾಮೆ" ಎಂದರು. ಕೋರ್ಟಿನಲ್ಲಿ ಮುಂದಿನ ತಾರೀಖು ಕೊಟ್ಟ ಹಾಗೆಯೇ ಇತ್ತು ಅವರ ದನಿ.

ಭಾನುವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ನನಗೆ ತಡೆಯಲಾಗಲಿಲ್ಲ. ಅತ್ತೆ ಒರಳಿನ ಮುಂದೆ ಕೂತು ಚಟ್ನಿ ರುಬ್ಬುತ್ತಿದ್ದರು. "ಮನೇಲೇ ಕೂತ್ರೆ ನನಗೆ ಹುಚ್ಚು ಹಿಡಿಯುತ್ತೆ ಅತ್ತೆ. ಮಗೂನೂ ಬೇಕು ನನಗೆ, ಕೆಲ್ಸಾನೂ ಬೇಕು. ಎರಡೂ ಬೇಕು ಅಂದ್ರೆ ತಪ್ಪಾ?" ಎಂದೆ. ಅತ್ತುಬಿಟ್ಟೆ. ಅಷ್ಟು ದಿನ ತಮಾಷೆ ಮಾಡಿಕೊಂಡು ನುಂಗಿದ್ದೆಲ್ಲ ಒಟ್ಟಿಗೇ ಹೊರಗೆ ಬಂತು. ಹೋದ ಕೂಸನ್ನು ನೆನೆದು ನಾನು ಯಾರ ಮುಂದೆಯೂ ಸರಿಯಾಗಿ ಅತ್ತಿರಲಿಲ್ಲ. ವಿಚಾರಣೆಯ ಗದ್ದಲದಲ್ಲಿ ಅದಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲ.

ಅತ್ತೆ ರುಬ್ಬುವುದನ್ನು ನಿಲ್ಲಿಸಲಿಲ್ಲ. ನನ್ನ ಅಳು ಮುಗಿದ ಮೇಲೆ, "ಎಮ್ಮೆಯವಳು ಇವತ್ತು ಹಾಲು ಜಾಸ್ತಿ ಹಾಕ್ಲಿ ಅಂತ ಹೇಳ್ಬೇಕು ಕಣಮ್ಮ" ಎಂದರು, ಅಷ್ಟೇ. ಇವರ ಹತ್ತಿರ ಹೇಳಿಕೊಂಡೆನಲ್ಲ ಎಂದು ನನಗೆ ನನ್ನ ಮೇಲೇ ಸಿಟ್ಟು ಬಂತು.

ಸೋಮವಾರ ಹೊರಡುವ ಹೊತ್ತಿಗೆ ಅತ್ತೆ ಸೀರೆ ಬದಲಾಯಿಸಿಕೊಂಡು ಪಾತ್ರೆಯ ಜೊತೆಗೆ ತಾವೂ ಬಂದು ನಿಂತರು. "ನಾನೂ ಹೋಗ್ತೀನಿ. ಕುಣಿಗಲ್‌ನಲ್ಲಿ ತವರಿನೋರ್ನ ನೋಡ್ದಂಗೂ ಆಯ್ತು, ಪಾತ್ರೆ ಕಾಯ್ದಂಗೂ ಆಯ್ತು" ಎಂದರು. ಮಾವನವರಿಗೆ ಸಂತೋಷವಾಯಿತು, ಪ್ರತ್ಯಕ್ಷ ಸಾಕ್ಷಿಯೊಬ್ಬರು ಸಿಕ್ಕರಲ್ಲ. ಪಾತ್ರೆಯನ್ನು ತಾವೇ ಸೀಟಿನ ಮೇಲೆ ನೆಟ್ಟಗೆ ಕೂರಿಸಿ, ಅತ್ತಿತ್ತ ದಿಂಬು ಒತ್ತರಿಸಿ, ಹಿಂದಕ್ಕೆ ಸರಿದು ನಿಂತರು. ಅತ್ತೆಯನ್ನು ಆ ಕಾರಿನೊಳಗೆ ಇಳಿಸುವುದೇ ಒಂದು ಕೆಲಸವಾಯಿತು. ಮಾಮೂಲಿ ಕಾರಿಗೆ ಹತ್ತಬೇಕು, ನಮ್ಮದಕ್ಕೆ ಇಳಿಯಬೇಕಿತ್ತು. ಬೀದಿ ತಿರುಗಿದ ಕೂಡಲೇ ಅತ್ತೆ ದಿಂಬು ಸರಿಸಿ ಪಾತ್ರೆಯನ್ನು ಎತ್ತಿ ತಮ್ಮ ಮಡಿಲಲ್ಲಿಟ್ಟುಕೊಂಡರು. ಹಾಗೆ ಮಾಡುವಂತಿಲ್ಲ ಎಂದು ಹೇಳಲು ಯಜಮಾನರು ತಿರುಗಿದರು. "ಮುಂದೆ ನೋಡ್ಕೊಂಡು ಓಡ್ಸಪ್ಪ" ಎಂದರು ಅತ್ತೆ.

ಊರು ದಾಟಿ ಗುಬ್ಬಿ ರಸ್ತೆ ಹಿಡಿದೆವು. ಕೊಯ್ಲು ಮುಗಿದ ದಿನಗಳು. ನಮ್ಮ ಕಡೆ ಆ ಕಾಲದಲ್ಲಿ ಡಾಂಬರು ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಗಿಡ ಎಲ್ಲವನ್ನೂ ರಸ್ತೆಯುದ್ದಕ್ಕೂ ಹರಡಿ ಪಕ್ಕದ ಮರದ ನೆರಳಲ್ಲಿ ಕೂತರೆ ಆಯಿತು. ಹೋಗಿ ಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿ ಕೊಡುತ್ತಿದ್ದವು. ಆ ದಿನ ಮೈಲಿಗಟ್ಟಲೆ ಹುರುಳಿ ಹಾಸಿತ್ತು. ನಮ್ಮ ಕಾರು ಅದರ ಮೇಲೆ ಹತ್ತಿದ್ದೇ ತಡ, ಸದ್ದೆಲ್ಲ ಅಡಗಿತು. ಹೊಂಡಗಳು ಸೊಪ್ಪಿನಡಿ ಮುಚ್ಚಿಹೋಗಿದ್ದವು. ಹಾಸಿಗೆಯ ಮೇಲೆ ಜಾರಿದ ಹಾಗೆ ಕಾರು ಹೋಯಿತು. ಸುಳ್ಳು ಹೇಳುವುದಿಲ್ಲ, ಆ ಕಾರಿನಲ್ಲಿ ನಾನು ಕಂಡ ಸುಖವೆಲ್ಲ ಆ ಒಂದಷ್ಟು ದೂರದ್ದೇ.

"ನೋಡಿದ್ಯಾ?" ಎಂದರು ಯಜಮಾನರು. "ಹರಳೆಣ್ಣೆ. ಈಗ ಸೆಟ್ ಆಗ್ತಾ ಐತೆ."

ಎತ್ತರದ ವಾಹನಗಳು ಹುರುಳಿಯ ಮೇಲೆ ಹಾದು ಹೋಗುತ್ತವೆ. ನಮ್ಮದು ಗುಡಿಸಿಕೊಂಡು ಹೋಗುತ್ತಿತ್ತು. ಒಣಗಿದ ಗಿಡವೆಲ್ಲ ಕಾರಿನಡಿ ಸಿಕ್ಕಿ, ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಕಾದ ಸೈಲೆನ್ಸರ್‌ಗೆ ಒತ್ತಿಕೊಂಡು ಬರುತ್ತಿತ್ತು. ಗುಬ್ಬಿ ಇನ್ನೇನು ಬಂತು ಎನ್ನುವಾಗ ಅತ್ತೆ, "ಏನೋ ಸುಟ್ಟ ವಾಸನೆ ಕಣೋ" ಎಂದರು.

"ಹರಳೆಣ್ಣೆ ಬಿಸಿಯಾದ್ರೆ ಹಂಗೇ ಅಮ್ಮ."

ರಸ್ತೆ ಬದಿಯಿಂದ ಒಬ್ಬ ಹೆಂಗಸು ಕೈಯಲ್ಲಿ ಕವೆಗೋಲು ಹಿಡಿದುಕೊಂಡು ನಮ್ಮ ಹಿಂದೆಯೇ ಓಡಿ ಬರುತ್ತಿದ್ದಳು. "ನಿಲ್ಸಣ್ಣೋ, ಬೆಂಕಿ ಕಣಣ್ಣೋ, ನಿಲ್ಸು" ಎಂದು ಅವಳು ಕೂಗಿದ್ದು ಕೇಳಿದ ಮೇಲೆ ಯಜಮಾನರಿಗೆ ಹರಳೆಣ್ಣೆಯ ಮೇಲೆ ಮೊದಲ ಬಾರಿಗೆ ಅನುಮಾನ ಬಂತು. ನಿಲ್ಲಿಸಿದರು. ಕಾರಿನ ಹೊಟ್ಟೆಯಡಿಯಿಂದ ಹೊಗೆ ಏಳುತ್ತಿತ್ತು, ಒಂದು ಕಡೆ ಉರಿ ಕಾಣಿಸುತ್ತಿತ್ತು. ನಾನು ಹೇಗೋ ಹೊರಗೆ ಬಂದೆ. ಅತ್ತೆಯ ಎರಡು ಕೈ ಹಿಡಿದು ಎಳೆದುಕೊಳ್ಳಬೇಕಾಯಿತು, ಅವರೋ ಪಾತ್ರೆ ಬಿಡಲೊಲ್ಲರು. ಕೊನೆಗೆ ಪಾತ್ರೆ ಮೊದಲು ಬಂತು, ಆಮೇಲೆ ಅತ್ತೆ. ನಾನು ಎರಡು ಕೈಯಿಂದ ಹೊಟ್ಟೆ ಹಿಡಿದುಕೊಂಡು ಅಲ್ಲೇ ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ.

ಬೆಂಕಿ ಆರಿಸಿದ್ದು ಡಿಕ್ಕಿಯಲ್ಲಿದ್ದ ಮರಳು. ಯಜಮಾನರು ಮೂಟೆ ಬಿಚ್ಚಿ ಎರಚಿದರು, ಹೆಂಗಸು, ಅವಳ ಗಂಡ ಇಬ್ಬರೂ ಕವೆಗೋಲಿನಿಂದ ಉರಿಯುವ ಗಿಡ ಎಳೆದು ಹಾಕಿದರು. ನಮ್ಮ ಕಾರಿಗೆ ಮಾಡಿಸಿದ ಅಷ್ಟೂ ಸುಧಾರಣೆಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಉರಿ ಆರಿದ ಮೇಲೆ ಹೆಂಗಸು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಡಿಯಲ್ಲಿ ಕೈ ಹಾಕಿ, ಸುಡದೆ ಉಳಿದ ಗಿಡಗಳನ್ನು ಹಿರಿದು ಹಿರಿದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು.

"ನಮ್ ಉಳ್ಳೀನೆಲ್ಲಾ ಒತ್ಕೊಂಡು ಎಲ್ಲಿಗ್ ಒಂಟಿದ್ರಿ ಬುದ್ಧಿ?" ಎಂದಳು ಯಜಮಾನರಿಗೆ. "ಈಟು ಕೆಳಗೈತಲ್ಲ, ಇದ್ಕೆ ಚಕ್ರ ಯಾಕ್ ಬೇಕಿತ್ತು?"

ಯಜಮಾನರು ರಸ್ತೆ ಹಿಡಿದುಕೊಳ್ಳುವ ವಿಚಾರ ಅವಳಿಗೆ ವಿವರಿಸಲಿಲ್ಲ. ಸಂಕೋಚದಿಂದ ನಿಂತಿದ್ದರು. ಆ ಹೊತ್ತಿನಲ್ಲಿ ಅವರನ್ನು ನೋಡಿ ನನಗೆ ಪಾಪ ಎನ್ನಿಸಿತು. ಬಿಸಾಡಿದ್ದ ಮೂಟೆಯ ಚೀಲದಿಂದ ಮುಖದ ಮಸಿ ಒರೆಸಿಕೊಂಡು ನನ್ನ ಬಳಿ ಬಂದು, "ನೀನು ಆರಾಮಾಗಿದೀಯ ತಾನೆ?" ಎಂದು ಕೇಳಿದರು. ಅಷ್ಟು ದಿನಗಳಲ್ಲಿ ಕಾರನ್ನು ಬಿಟ್ಟು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು.

ಸ್ಕೂಲಿನ ಹೊತ್ತು ಮೀರುತ್ತಿತ್ತು. ಆ ಹೆಂಗಸಿನ ಗಂಡ ರಾಗಿ ಮೂಟೆ ಹಾಕಿಕೊಂಡು ಗುಬ್ಬಿಗೆ ಎತ್ತಿನ ಗಾಡಿ ಹೊಡೆಯುವವನಿದ್ದ. "ಬಸ್ರಿ ಎಂಗ್ಸು, ಉಲ್ಲಾಕಿ ಕೂರ್ಸು" ಎಂದು ಹೆಂಡತಿ ಹೇಳಿದಳು. ಮೂಟೆಗಳ ನಡುವೆ ಹುಲ್ಲು ತುಂಬಿ ನನ್ನನ್ನು ಕೂರಿಸಿದರು. ಅತ್ತೆ ಪಾತ್ರೆಯನ್ನು ತಂದು ನನ್ನ ಮಡಿಲಲ್ಲಿಟ್ಟರು. "ಇವನ ಜೊತೆ ಒಬ್ರು ಇರ್ಬೇಕಲ್ಲ, ನಾನಿರ್ತೀನಿ. ನೀನು ಹೋಗಿ ಹಾಜರಿ ಹಾಕು. ಮುಚ್ಚಳ ಮಾತ್ರ ತೆಗೀಬೇಡ ಕಣಮ್ಮ. ಮಾವನ ಮುಂದೇ ತೆಗೀಬೇಕು" ಎಂದರು. ಸೀರೆಯ ಸುತ್ತು ಸಡಿಲವಾಗಿ ಪಾತ್ರೆ ಕೈಗೆ ತಾಗಿತು. ತಣ್ಣಗಿತ್ತು. ಬೆಳಗಿನ ಚಳಿಗೆ ಹಾಲು ಆರಿರಬೇಕು, ಇನ್ನು ಇದು ಎಲ್ಲಿ ಮೊಸರಾಗುತ್ತದೆ ಎಂದುಕೊಂಡೆ.

ಎತ್ತಿನ ಗಾಡಿಗೆ ಸ್ಪ್ರಿಂಗಿಲ್ಲ, ಶಾಕಬ್ಸರ್ ಇಲ್ಲ, ಅದನ್ನು ಕೆಳಗಿಳಿಸಬೇಕೆಂದು ಯಾರಿಗೂ ತೋಚಿಯೂ ಇಲ್ಲ. ನಿಧಾನಕ್ಕೆ ಹೋಯಿತು, ಅಷ್ಟೇ. ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಹೆಡ್‌ಮಿಸ್ಟ್ರೆಸ್ ಮುಂದೆ ನಿಂತು ಸಹಿ ಹಾಕಿದೆ. ತಲೆಯಲ್ಲಿ ಹುಲ್ಲಿತ್ತು, ಸೀರೆಯಲ್ಲಿ ಹೊಗೆಯ ವಾಸನೆ. ಅವರು ಸೀಮೆಸುಣ್ಣ ಕೈಗಿಟ್ಟರು. ತರಗತಿಗೆ ಹೋದೆ, ಹುಡುಗಿಯರು ಸುಮ್ಮನಾದರು. ಬೋರ್ಡಿನ ಕಡೆ ತಿರುಗಿಕೊಂಡು ಕಣ್ಣೊರೆಸಿಕೊಂಡೆ.

ಸಂಜೆ ಕಾರಿಲ್ಲ. ಪಾತ್ರೆ ಹಿಡಿದುಕೊಂಡು ಸ್ಟೇಷನ್ನಿಗೆ ನಡೆದೆ, ಪ್ಯಾಸೆಂಜರ್ ಹತ್ತಿದೆ. ಕಿಟಕಿ ಪಕ್ಕದ ಅದೇ ಮರದ ಸೀಟು. ಉಪ್ಪಾರಹಳ್ಳಿ ಗೇಟು ದಾಟುವಾಗ ಗೇಟಿನ ಆಚೆ ಕಾದು ನಿಂತ ಕಾರುಗಳನ್ನು ಮೇಲಿನಿಂದ ನೋಡಿದೆ.

ಯಜಮಾನರೂ ಅತ್ತೆಯೂ ಬಸ್ಸಿನಲ್ಲಿ ಮೊದಲೇ ಮನೆ ಸೇರಿದ್ದರು. ಕಾರನ್ನು ಲಾರಿಗೆ ಕಟ್ಟಿ ಸತ್ಯಮಂಗಲಕ್ಕೆ ಎಳೆಸಿದ್ದಾಗಿತ್ತು. ಮಾವನವರು ಜಗಲಿಯಲ್ಲಿ ಚಮಚ ಹಿಡಿದು ಕೂತಿದ್ದರು. ಬೆಂಕಿಯ ಸುದ್ದಿ ಅವರಿಗೆ ಆಗಲೇ ಗೊತ್ತಿತ್ತು, ಆದರೂ ಕಲಾಪ ಕಲಾಪವೇ. ಪಾತ್ರೆಗೆ ಸುತ್ತಿದ್ದ ಸೀರೆಯ ತುಂಡು ಬಿಚ್ಚಿ ಮುಚ್ಚಳ ತೆಗೆದರು. ಮೊಸರು. ಕೆನೆ ಕಟ್ಟಿದ, ಅಲುಗದ, ಗಟ್ಟಿ ಮೊಸರು. ಅಂಚಿನಲ್ಲಿ ಒಂದು ಸಣ್ಣ ಬಿರುಕು ಬಿಟ್ಟರೆ ಏನೂ ಆಗಿರಲಿಲ್ಲ. ಮಾವನವರು ಚಮಚ ಚುಚ್ಚಿದರು, ಅದು ಅಲ್ಲೇ ನೆಟ್ಟಗೆ ನಿಂತಿತು.

"ಯಾವುದರಲ್ಲಿ ಬಂತಮ್ಮ ಇದು?"

"ಒಂದಷ್ಟು ದೂರ ಕಾರು, ಒಂದಷ್ಟು ದೂರ ಎತ್ತಿನ ಗಾಡಿ, ಆಮೇಲೆ ರೈಲು."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಯಜಮಾನರು, ಕಾರಿನಲ್ಲಿದ್ದಾಗಲೇ ಮುಕ್ಕಾಲು ಭಾಗ ಗಟ್ಟಿಯಾಗಿತ್ತು, ಹರಳೆಣ್ಣೆಯಿಂದ, ಎಂದು ಏನೋ ಹೇಳಲು ಹೋದರು. ಮಾವನವರು ಕೈಯೆತ್ತಿ ತಡೆದರು. "ಎತ್ತಿನ ಗಾಡೀಲೂ ಕೆಡ್ಲಿಲ್ಲ, ರೈಲಲ್ಲೂ ಕೆಡ್ಲಿಲ್ಲ. ಅಂದ್ಮೇಲೆ ರೈಲಿನ ಮೇಲಿನ ಆರೋಪಕ್ಕೆ ಆಧಾರ ಇಲ್ಲ" ಎಂದರು. "ನಾಳೆಯಿಂದ ರೈಲಲ್ಲೇ ಹೋಗಮ್ಮ." ಅವರ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಒಂದು ಮಾತು ಒಪ್ಪಬೇಕು, ತಮ್ಮ ಕಾನೂನಿಗೆ ತಾವು ತಲೆಬಾಗುವ ಮನುಷ್ಯ.

ಆ ದಿನ ಮಜ್ಜಿಗೆಹುಳಿ ಇರಲಿಲ್ಲ. ಊಟದ ಕೊನೆಗೆ ಆ ಮೊಸರನ್ನೇ ಬಡಿಸಿದರು. ಮಾವನವರು ಒಂದು ತುತ್ತು ಬಾಯಿಗಿಟ್ಟು, "ಸ್ವಲ್ಪ ಹುಳಿ ಐತಲ್ಲ" ಎಂದರು.

"ದಿನವೆಲ್ಲ ಬಿಸಿಲಲ್ಲಿ ಸುತ್ತಿದೆ, ಇನ್ನೇನಾಗುತ್ತೆ" ಎಂದರು ಅತ್ತೆ, ಅವರ ತಟ್ಟೆಗೆ ಇನ್ನೊಂದು ಸೌಟು ಹಾಕುತ್ತಾ.

ನಾನೂ ಒಂದು ತುತ್ತು ತಿಂದೆ. ಮಾಗಿಯ ಚಳಿಯಲ್ಲಿ ಬೆಳಿಗ್ಗೆ ಹೆಪ್ಪು ಹಾಕಿದ ಹಾಲು ಸಂಜೆಗೆ ಮೊಸರಾದರೆ ಅದೇ ಹೆಚ್ಚು. ಮೊಸರಾದರೂ ಸಿಹಿ ಸಿಹಿಯಾಗಿರುತ್ತದೆ. ಈ ಹುಳಿ ಒಂದು ದಿನದ ಹುಳಿಯಲ್ಲ. ಇದು ಭಾನುವಾರ ಬೆಳಿಗ್ಗೆಯೇ ಹೆಪ್ಪು ಹಾಕಿ, ಅಡಿಗೆಮನೆಯ ಮೂಲೆಯಲ್ಲಿ ಯಾರೂ ಮುಟ್ಟದ ಹಾಗೆ ಇಟ್ಟು ಗಟ್ಟಿ ಮಾಡಿದ ಮೊಸರು. ಕಾರು ಹತ್ತುವಾಗಲೇ ಇದು ಮೊಸರಾಗಿತ್ತು. ತಣ್ಣಗಿದ್ದ ಪಾತ್ರೆ, ಬೀದಿ ತಿರುಗಿದ ಕೂಡಲೇ ಮಡಿಲಿಗೆ ಬಂದದ್ದು, ಮುಚ್ಚಳ ತೆಗೆಯಬೇಡ ಎಂದದ್ದು, ಎಮ್ಮೆಯವಳ ಹತ್ತಿರ ಹೆಚ್ಚು ಹಾಲು ಬೇಕೆಂದದ್ದು ಎಲ್ಲವೂ ಒಟ್ಟಿಗೆ ಕಂಡವು.

ಗಂಡಸರು ಕೈ ತೊಳೆದು ಜಗಲಿಗೆ ಹೋದರು. ಕಾರಿನ ಸುಟ್ಟ ಭಾಗಕ್ಕೆ ಏನು ಮಾಡಿಸಬೇಕೆಂಬ ಚರ್ಚೆ ಆಗಲೇ ಶುರುವಾಗಿತ್ತು. ಅತ್ತೆ ಖಾಲಿ ಪಾತ್ರೆಗೆ ನೀರು ಹಾಕಿ ತೊಳೆಯುತ್ತಿದ್ದರು.

"ಅತ್ತೆ, ಅದು ನೆನ್ನೆ ಮೊಸರು" ಎಂದೆ.

ಅವರು ತಲೆ ಎತ್ತಲಿಲ್ಲ. "ಇವನು ಹುಟ್ಟೋಕ್ಕೆ ಮುಂಚೆ ನಾನೂ ಎರಡು ಕಳ್ಕೊಂಡೆ ಕಣಮ್ಮ. ಆವಾಗ ನಮ್ಮೂರಿಗೆ ರೋಡೂ ಇರ್ಲಿಲ್ಲ, ರೈಲೂ ಇರ್ಲಿಲ್ಲ. ಹೊಸ್ತಿಲು ದಾಟಿದೋಳೇ ಅಲ್ಲ ನಾನು. ಇಲ್ಲಿದೀನಲ್ಲ, ಹಿಂಗೇ ಅಡಿಗೆಮನೇಲಿ ಒಲೆ ಮುಂದೆ ಕೂತಿದ್ದೆ."

ಪಾತ್ರೆಯನ್ನು ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡರು.

"ರೈಲು ಎಷ್ಟು ಹೊತ್ತಿಗೆ ಹೇಳು. ಬುತ್ತಿ ಕಟ್ಟಬೇಕು."